ಸೈಟಿನಲ್ಲಿ ಪೆಟ್ಟಾದರೆ ಯಾರು ಎಷ್ಟು ಕೊಡಬೇಕು? ಪರಿಹಾರದ ದಾರಿಗಳನ್ನು ತೂಗಿ ನೋಡೋಣ

ಮೂರನೇ ಮಹಡಿಯ ಸಾರುವೆಯಿಂದ ಒಬ್ಬ ಬೀಳುತ್ತಾನೆ. ಆಸ್ಪತ್ರೆಯ ಬಾಗಿಲಲ್ಲೇ ಮಾತು ಶುರುವಾಗುತ್ತದೆ. 'ನಾನು ಬರೀ ಆಳು ತಂದವನು' ಅನ್ನುತ್ತಾನೆ ಮೇಸ್ತ್ರಿ. 'ಬೆಲ್ಟು, ಬಲೆ ಎಲ್ಲ ಬಿಲ್ಡರ್ ಕೊಡಬೇಕಿತ್ತು' ಅನ್ನುತ್ತಾನೆ ಗುತ್ತಿಗೆದಾರ. ಬಿಲ್ಡರ್ ಕಡೆಯವರು ಕರಾರುಪತ್ರ ತೋರಿಸುತ್ತಾರೆ: 'ನೋಡಿ, ಆಳುಗಳ ಪೂರ್ತಿ ಜವಾಬ್ದಾರಿ ಗುತ್ತಿಗೆದಾರನದು.' ಅಷ್ಟರಲ್ಲಿ ಯಾರೋ ಬಂದು, ಅವನು ಹೆಲ್ಮೆಟ್ ಹಾಕಿರಲಿಲ್ಲವಂತೆ ಎಂದು ಒಗ್ಗರಣೆ ಹಾಕುತ್ತಾರೆ.

ಹನ್ನೊಂದು ವರ್ಷ ನಾನು ಗುತ್ತಿಗೆದಾರರೊಬ್ಬರ ಬಳಿ ಹಾಜರಿ ಪುಸ್ತಕ ಬರೆದೆ, ಶನಿವಾರದ ಬಟವಾಡೆ ಮಾಡಿದೆ. ಇಂಥ ಜಗಳಗಳನ್ನು ಹತ್ತಿರದಿಂದ ನೋಡಿದ್ದೇನೆ. ಈಗ ಆ ಕೆಲಸ ಬಿಟ್ಟಿದ್ದೇನೆ, ಕೇಳಿಕೊಂಡು ಬಂದವರಿಗೆ ಅರ್ಜಿ ಬರೆದುಕೊಡುತ್ತೇನೆ. ಬರುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ಅಣ್ಣಾ, ನಾಲ್ಕು ಲಕ್ಷ ಕೊಡ್ತೀನಿ ಅಂತಿದಾರೆ. ತಗೊಳ್ಳೋದಾ, ಕೇಸ್ ಹಾಕೋದಾ? ಹಾಕಿದ್ರೆ ಯಾರ ಮೇಲೆ?'

ಮೇಸ್ತ್ರಿಗೆಷ್ಟು, ಗುತ್ತಿಗೆದಾರನಿಗೆಷ್ಟು, ಬಿಲ್ಡರ್‌ಗೆಷ್ಟು ಅನ್ನುವ ಪಾಲಿನ ಲೆಕ್ಕವನ್ನು ಪೆಟ್ಟು ತಿಂದವರು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಅದು ಅವರವರ ನಡುವಿನ ವ್ಯವಹಾರ. ಕೊಡುವ ಶಕ್ತಿ ಇರುವವರನ್ನು ಸರಿಯಾದ ಬಾಗಿಲಿನಿಂದ ಹಿಡಿದರೆ ನಿಮ್ಮ ಕೆಲಸ ಆಯಿತು. ಕಷ್ಟ ಇರುವುದು ಬಾಗಿಲು ಆರಿಸುವುದರಲ್ಲೇ. ಒಂದು ತೆರೆದರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ.

ಏನನ್ನು ನೋಡಿ ತೂಗಬೇಕು

ನಾನು ಯಾರ ಕಾಗದ ನೋಡಿದರೂ ಕೆಲವು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ದಾರಿಯಲ್ಲಿ ಹೋದರೆ ಯಾರದೋ ತಪ್ಪು ಅಂತ ಸಾಬೀತು ಮಾಡಬೇಕಾ? ಎಷ್ಟು ಸಿಗಬಹುದು? ಯಾವಾಗ ಕೈಗೆ ಬರುತ್ತದೆ? ವಕೀಲರು, ಡಾಕ್ಟರು, ಓಡಾಟ ಅಂತ ನಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ? ಕೊಡಬೇಕಾದವನ ಹತ್ತಿರ ನಿಜಕ್ಕೂ ದುಡ್ಡಿದೆಯಾ, ಅಥವಾ ವಿಮೆ ಇದೆಯಾ? ಕೊನೆಯದಾಗಿ, ಇದನ್ನು ಹಿಡಿದರೆ ಇನ್ಯಾವುದನ್ನು ಬಿಡಬೇಕು?

ಜನ ಎರಡನೇ ಪ್ರಶ್ನೆಗೆ ಜೋತುಬೀಳುತ್ತಾರೆ. ನನಗೆ ಐದನೆಯದೇ ಮುಖ್ಯ. ಮೇಸ್ತ್ರಿಯ ಮೇಲೆ ಇಪ್ಪತ್ತು ಲಕ್ಷದ ಆದೇಶ ತಂದು ಏನು ಮಾಡುತ್ತೀರಿ? ಅವನ ಹತ್ತಿರ ಒಂದು ಬೈಕು, ಎರಡು ಕರಣೆ ಇರುತ್ತವೆ.

ಮುಂದೆ ಹೋಗುವ ಮೊದಲು ಕಾನೂನಿನ ಹೆಸರಿನ ಬಗ್ಗೆ ಒಂದು ಮಾತು. 1923ರ ನೌಕರರ ಪರಿಹಾರ ಕಾಯ್ದೆ, 1948ರ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆ ಎರಡೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಲೆಕ್ಕದ ಸೂತ್ರ, ಮೂಲ ನಿಯಮ ಹೆಚ್ಚುಕಡಿಮೆ ಹಳೆಯವೇ. ಆದರೆ ಪರಿಹಾರದ ಹಕ್ಕು ಹುಟ್ಟುವುದು ಅಪಘಾತದ ದಿನ. ಹಾಗಾಗಿ ನಿಮ್ಮ ದಿನಾಂಕ ಯಾವ ಕಡೆ ಬೀಳುತ್ತದೆ ಅಂತ ವಕೀಲರಿಗೆ ಮೊದಲೇ ಹೇಳಿ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಇದೆ. ನಾನೂ ಹಾಗೇ ಕರೆಯುತ್ತೇನೆ.

ಇಎಸ್‌ಐ: ಮೊದಲು ಇದನ್ನು ನೋಡಿ

ಇದು ಆಯ್ಕೆಯೇ ಅಲ್ಲ. ಹತ್ತು ಅಥವಾ ಜಾಸ್ತಿ ಜನ ದುಡಿಯುವ ಸಂಸ್ಥೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರೊಳಗೆ ಬರುತ್ತಾರೆ. ಕಟ್ಟಡದ ಸೈಟಿನ ಆಳುಗಳಿಗೂ 2015ರ ಆಗಸ್ಟ್‌ನಿಂದ ಇದನ್ನು ಅನ್ವಯಿಸಲಾಗಿದೆ. ಇಎಸ್‌ಐ ಇದ್ದರೆ ನೌಕರರ ಪರಿಹಾರ ಕೇಳುವಂತಿಲ್ಲ, ಮಾಲೀಕರ ಮೇಲೆ ಸಿವಿಲ್ ದಾವೆಯೂ ಇಲ್ಲ. ಕಾಯ್ದೆಯ 53ನೇ ಕಲಮು 'ಮಾಲೀಕರಿಂದ ಅಥವಾ ಬೇರೆ ಯಾರಿಂದಲೂ' ಅನ್ನುವಷ್ಟು ಅಗಲವಾಗಿ ಬಾಗಿಲು ಹಾಕಿತ್ತು. ಸುಪ್ರೀಂ ಕೋರ್ಟ್ ಕೂಡ 1997ರಲ್ಲಿ ಅದನ್ನು ಎತ್ತಿಹಿಡಿದಿದೆ.

ಬಾಗಿಲು ಹಾಕಿದ್ದಕ್ಕೆ ಬೇಜಾರು ಬೇಡ. ಒಳಗೆ ಸಿಗುವುದು ಕಡಿಮೆಯೇನಲ್ಲ. ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ 90% ಸಿಗುತ್ತದೆ. ತಿಂಗಳಿಗೆ 15,000 ದುಡಿಯುವವನಿಗೆ ಸುಮಾರು 13,500. ಅದೇ ನೌಕರರ ಪರಿಹಾರದ ದಾರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಸಂಬಳದ 25%, ಅಂದರೆ ತಿಂಗಳಿಗೆ 7,500 ಮಾತ್ರ. ಚಿಕಿತ್ಸೆ ಇಎಸ್‌ಐ ಆಸ್ಪತ್ರೆಯಲ್ಲೇ ನಡೆಯುತ್ತದೆ, ಬಿಲ್ಲಿನ ಚಿಂತೆ ಇಲ್ಲ. ಶಾಶ್ವತ ಊನವಾದರೆ ಬದುಕಿರುವವರೆಗೆ ತಿಂಗಳ ಪಿಂಚಣಿ. ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಪಿಂಚಣಿ. ವಕೀಲರ ಅಗತ್ಯವೇ ಬರದೆ ಮುಗಿಯುವ ಪ್ರಕರಣಗಳೂ ಇವೆ.

ಕೊರತೆ ಏನೆಂದರೆ ಒಟ್ಟಿಗೆ ದೊಡ್ಡ ಮೊತ್ತ ಸಿಗುವುದಿಲ್ಲ. 35 ವರ್ಷದ ಗಾರೆ ಕೆಲಸದವನು ಹೆಬ್ಬೆರಳು ಕಳೆದುಕೊಂಡ ಅಂತಿಟ್ಟುಕೊಳ್ಳಿ. ಕಾಯ್ದೆಯ ಪಟ್ಟಿಯ ಪ್ರಕಾರ ದುಡಿಮೆಯ ಶಕ್ತಿ 30% ಹೋದಂತೆ. ಇಎಸ್‌ಐನಲ್ಲಿ ತಿಂಗಳಿಗೆ ಸುಮಾರು 4,050 ಬರುತ್ತದೆ. ನೌಕರರ ಪರಿಹಾರದಲ್ಲಿ ಒಂದೇ ಗಂಟು 5,32,062. ಹನ್ನೊಂದು ವರ್ಷಕ್ಕೆ ಎರಡೂ ಸಮ. ಆಮೇಲಿನದೆಲ್ಲ ಪಿಂಚಣಿಯವನ ಲಾಭ. ಸಾಲ ತೀರಿಸಬೇಕು ಅನ್ನುವವರಿಗೆ ಗಂಟು ಚಂದ ಕಾಣುತ್ತದೆ, ಆದರೆ ಗಂಟು ಎಷ್ಟು ಬೇಗ ಕರಗುತ್ತದೆ ಅಂತ ನಮಗೆಲ್ಲ ಗೊತ್ತಲ್ವಾ.

'ನಮ್ಮ ಗುತ್ತಿಗೆದಾರ ಇಎಸ್‌ಐ ಕಂತೇ ಕಟ್ಟಿಲ್ಲ' ಅನ್ನುವವರು ಬಹಳ. ಕಂತು ಕಟ್ಟಿಲ್ಲ ಅನ್ನುವ ಕಾರಣಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಇಎಸ್‌ಐ ನಿಗಮ ನಿಮಗೆ ಕೊಟ್ಟು, ತಪ್ಪು ಮಾಡಿದವನಿಂದ ವಸೂಲಿ ಮಾಡಿಕೊಳ್ಳಬಹುದು. ಕೆಲಸಕ್ಕೆ ಸೇರಿದ ಮೊದಲ ದಿನವೇ ಬಿದ್ದರೂ ಸರಿ. ಗುತ್ತಿಗೆದಾರನ ಆಳುಗಳ ಕಂತನ್ನು ಮೊದಲು ಕಟ್ಟಬೇಕಾದವನು ಪ್ರಧಾನ ಮಾಲೀಕ, ಅಂದರೆ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು. ಆಮೇಲೆ ಆತ ಗುತ್ತಿಗೆದಾರನ ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತಾನೆ. ಪಾಲಿನ ಜಗಳ ಅಲ್ಲಿಗೆ ಮುಗಿಯಿತು.

ನೌಕರರ ಪರಿಹಾರ: ಹೆಚ್ಚಿನವರ ದಾರಿ ಇದೇ

ಇಎಸ್‌ಐ ಇಲ್ಲದ ಕಡೆ ನಾನು ಮೊದಲು ತೋರಿಸುವುದು ಈ ಬಾಗಿಲು. ಕಾರಣ ಸರಳ. ಇಲ್ಲಿ ಯಾರ ತಪ್ಪು ಅನ್ನುವ ಪ್ರಶ್ನೆಯೇ ಇಲ್ಲ. ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಪೆಟ್ಟಾಯಿತು ಅಂತ ತೋರಿಸಿದರೆ ಸಾಕು. ಹೆಲ್ಮೆಟ್ ಹಾಕಿರಲಿಲ್ಲ ಅಂತ ಪರಿಹಾರದಲ್ಲಿ ಇಷ್ಟು ಪಾಲು ಕಡಿತ ಅನ್ನುವ ಲೆಕ್ಕ ಇಲ್ಲಿಲ್ಲ. ಕುಡಿದಿದ್ದ, ಬೇಕಂತಲೇ ಸುರಕ್ಷತೆಯ ಆದೇಶ ಮೀರಿದ ಅನ್ನುವ ತಕರಾರು ಎತ್ತಬಹುದು. ಸಾವು ಅಥವಾ ಪೂರ್ಣ ಶಾಶ್ವತ ಊನವಾದರೆ ಆ ತಕರಾರೂ ನಡೆಯುವುದಿಲ್ಲ.

ಲೆಕ್ಕ ಹೀಗೆ. ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ಆ ವಯಸ್ಸಿಗೆ ಕಾಯ್ದೆ ಗೊತ್ತುಮಾಡಿದ ಅಂಕಿಯಿಂದ ಗುಣಿಸಬೇಕು. ಪೂರ್ಣ ಊನವಾದರೆ ಅರ್ಧದ ಬದಲು ಕೂಲಿಯ 60%. ವಯಸ್ಸಿನ ಅಂಕಿ 20ಕ್ಕೆ 224.00, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ಕೂಲಿ ಎಷ್ಟೇ ಇರಲಿ, ಲೆಕ್ಕಕ್ಕೆ 15,000 ಮಾತ್ರ ಹಿಡಿಯುತ್ತಾರೆ. ಇದು 2020ರ ಜನವರಿ 3ರಿಂದ ಇರುವ ಮಿತಿ. ಹೊಸ ಅಧಿಸೂಚನೆ ಬಂದಿದೆಯಾ ಅಂತ ಅರ್ಜಿ ಹಾಕುವ ದಿನ ಒಮ್ಮೆ ಕೇಳಿಕೊಳ್ಳಿ. 30 ವರ್ಷದವನು ತೀರಿಕೊಂಡರೆ 7,500 ಗುಣಿಸು 207.98, ಅಂದರೆ 15,59,850. ಬದುಕಿ ಹಾಸಿಗೆ ಹಿಡಿದರೆ 18,71,820. ಚಿಕಿತ್ಸೆಗೆ ಆದ ನಿಜವಾದ ಖರ್ಚು ಇದರ ಮೇಲೆ ಬೇರೆ. ಅದಕ್ಕೇ ಮೆಡಿಕಲ್ ಶಾಪಿನ ಚೀಟಿಯನ್ನೂ ಎಸೆಯಬೇಡಿ ಅಂತ ಬಡಕೊಳ್ಳುತ್ತೇನೆ.

ಈಗ ಆ 'ನಾಲ್ಕು ಲಕ್ಷ ಕೊಡ್ತೀನಿ' ಅನ್ನುವ ಮಾತನ್ನು ಇದರ ಪಕ್ಕ ಇಟ್ಟು ನೋಡಿ.

ಭಾಗಶಃ ಊನದಲ್ಲಿ ಜಗಳ ನಡೆಯುವುದು ಶೇಕಡಾವಾರಿನ ಮೇಲೆ. ಡಾಕ್ಟರು ಕೈಗೆ ಎಷ್ಟು ಊನ ಅಂತ ಬರೆಯುತ್ತಾರೆ. ನೋಡಬೇಕಾದ್ದು ದುಡಿಮೆಗೆ ಎಷ್ಟು ಊನ ಅಂತ. ಒಡಿಶಾದ ಜೈಪುರದಲ್ಲಿ ಒಬ್ಬ ಬಡಗಿ ಚಿತ್ರಮಂದಿರದ ಅಲಂಕಾರದ ಕೆಲಸ ಮಾಡುವಾಗ ಬಿದ್ದು ಎಡಗೈ ಕಳೆದುಕೊಂಡಿದ್ದ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಹಾಗಾಗಿ ಇದು ಪೂರ್ಣ ಊನವೇ ಅಂತ ಸುಪ್ರೀಂ ಕೋರ್ಟ್ 1975ರ ಡಿಸೆಂಬರ್‌ನಲ್ಲಿ ಒಪ್ಪಿತು. ಅಂದರೆ ಕಚೇರಿಯಲ್ಲಿ ಕೂತು ಬರೆಯುವವನ ಮುರಿದ ಕಾಲೂ, ಸಾರುವೆ ಹತ್ತುವವನ ಮುರಿದ ಕಾಲೂ ಒಂದೇ ಅಲ್ಲ. ಡಾಕ್ಟರಿಗೆ ನೀವು ಏನು ಕೆಲಸ ಮಾಡುತ್ತಿದ್ದಿರಿ ಅಂತ ಬಿಡಿಸಿ ಹೇಳಿ. ಬರೀ 'ಕೂಲಿ' ಅಂದರೆ ಸಾಲದು. 'ಕಂಬಿ ಕಟ್ಟುತ್ತಿದ್ದೆ, ಕುಕ್ಕರಗಾಲಲ್ಲಿ ಕೂರಬೇಕು, ಭಾರ ಎತ್ತಬೇಕು' ಅನ್ನಿ.

ಪಾಲಿನ ಪ್ರಶ್ನೆಗೆ ಈ ದಾರಿಯಲ್ಲಿ ಚೊಕ್ಕ ಉತ್ತರ ಇದೆ. ಬಿಲ್ಡರ್ ತನ್ನ ವ್ಯಾಪಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ, ಗುತ್ತಿಗೆದಾರನ ಆಳಿಗೂ ಆತನೇ ಪರಿಹಾರ ಕೊಡಬೇಕು. ಆಳಿಗೆ ಇಷ್ಟ ಬಂದರೆ ಗುತ್ತಿಗೆದಾರನಿಂದಲೂ ಕೇಳಬಹುದು. ಬಿಲ್ಡರ್ ಕೊಟ್ಟ ಮೇಲೆ ಗುತ್ತಿಗೆದಾರನಿಂದ ವಾಪಸ್ ಪಡೆಯುವ ಹಕ್ಕು ಆತನಿಗೆ ಇದೆ. ಎಷ್ಟು ವಾಪಸ್ ಅನ್ನುವ ತಕರಾರು ಬಂದರೆ ಅದನ್ನೂ ಆಯುಕ್ತರು, ಅಂದರೆ ಈ ಪರಿಹಾರದ ಅರ್ಜಿಗಳನ್ನು ಕೇಳುವ ಅಧಿಕಾರಿಯೇ ತೀರ್ಮಾನಿಸುತ್ತಾರೆ. 'ಆಳುಗಳ ಜವಾಬ್ದಾರಿ ಗುತ್ತಿಗೆದಾರನದು' ಅನ್ನುವ ಕರಾರು ಕೆಲಸ ಮಾಡುವುದು ಅವರಿಬ್ಬರ ನಡುವೆ ಮಾತ್ರ. ನಿಮ್ಮ ಮುಂದೆ ಅದು ಬರೀ ಕಾಗದ. ನನ್ನ ಸಲಹೆ: ಬಿಲ್ಡರ್, ಗುತ್ತಿಗೆದಾರ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ಮೇಸ್ತ್ರಿಯನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಅವನ ಮೇಲೆ ಬಿದ್ದರೆ, ನಿಮ್ಮ ಪರ ಹೇಳಬಲ್ಲ ಒಬ್ಬನೇ ಮನುಷ್ಯನೂ ಎದುರು ಸಾಲಿಗೆ ಹೋಗುತ್ತಾನೆ.

ತಡ ಮಾಡಿದರೆ ನಷ್ಟ ಕೊಡುವವನಿಗೇ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12% ಬಡ್ಡಿ. ಮೇಲಿನ ಸಾವಿನ ಉದಾಹರಣೆಯಲ್ಲಿ ಅದೇ ವರ್ಷಕ್ಕೆ 1,87,000 ದಾಟುತ್ತದೆ. ಸರಿಯಾದ ಕಾರಣವಿಲ್ಲದೆ ತಡಮಾಡಿದರೆ ಪರಿಹಾರದ 50%ವರೆಗೆ ದಂಡ, ಅದೂ ನಿಮಗೇ ಸೇರುತ್ತದೆ. ಈ ದಂಡ ವಿಮಾ ಕಂಪನಿಯ ಮೇಲೆ ಬರುವುದಿಲ್ಲ, ಮಾಲೀಕರೇ ಕಟ್ಟಬೇಕು. ಬಡ್ಡಿ ಯಾರ ಪಾಲು ಅನ್ನುವುದು ಪಾಲಿಸಿಯ ಷರತ್ತು ನೋಡಿ ತೀರ್ಮಾನವಾಗುತ್ತದೆ. ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗುವ ಮಾಲೀಕ ಮೊದಲು ಹಣ ಠೇವಣಿ ಇಡಬೇಕು. ಸುಮ್ನೆ ಮೇಲ್ಮನವಿ ಹಾಕಿ ಎಳೆಯುವ ಆಟ ಇಲ್ಲಿ ನಡೆಯುವುದು ಕಷ್ಟ.

ಇನ್ನೊಂದು ಅನುಕೂಲ ಬಹಳ ಜನರಿಗೆ ಗೊತ್ತಿಲ್ಲ. ಬೆಂಗಳೂರಲ್ಲಿ ಬಿದ್ದವನ ಕುಟುಂಬ ಯಾದಗಿರಿಯಲ್ಲಿದ್ದರೆ, ಅರ್ಜಿಯನ್ನು ಅಲ್ಲೇ ಹಾಕಬಹುದು. ಪ್ರತಿ ವಾಯಿದೆಗೂ ರಾತ್ರಿ ಬಸ್ಸು ಹತ್ತಬೇಕಿಲ್ಲ. ನಮ್ಮ ರಾಜ್ಯದಲ್ಲಿ ಹಲವು ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರೇ ಆಯುಕ್ತರಾಗಿ ಈ ಅರ್ಜಿಗಳನ್ನು ಕೇಳುತ್ತಾ ಬಂದಿದ್ದಾರೆ. ಅಪಘಾತವಾಗಿ 2 ವರ್ಷ ದಾಟಲು ಬಿಡಬೇಡಿ. ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆಯಲ್ಲಿ ಬರೆದಿತ್ತು. ಅಷ್ಟರಲ್ಲಿ ಮುಗಿದದ್ದನ್ನು ನಾನಂತೂ ನೋಡಿಲ್ಲ.

ಮನೆಯೊಳಗಿನ ಹಂಚಿಕೆಯೂ ಇಲ್ಲೇ ಆಗುತ್ತದೆ. ಹೆಂಡತಿ, ಚಿಕ್ಕ ಮಕ್ಕಳು, ವಿಧವೆ ತಾಯಿಗೆ ಅವಲಂಬಿತರು ಅಂತ ಬೇರೆ ಪುರಾವೆ ಬೇಕಿಲ್ಲ. ತಂದೆ, ತಮ್ಮಂದಿರು ಅವನ ದುಡಿಮೆಯಲ್ಲೇ ಬದುಕಿದ್ದೆವು ಅಂತ ತೋರಿಸಬೇಕು. ಯಾರಿಗೆ ಎಷ್ಟು ಅಂತ ಆಯುಕ್ತರು ಹಂಚುತ್ತಾರೆ, ಸಮಪಾಲೇ ಆಗಬೇಕೆಂದಿಲ್ಲ. ಮಕ್ಕಳ ಪಾಲನ್ನು ಅವರ ಹೆಸರಿನಲ್ಲಿ ತೊಡಗಿಸಿಡುತ್ತಾರೆ. 'ಅಷ್ಟೂ ನಮ್ಮ ಕೈಗೆ ಕೊಡಲ್ವಂತೆ' ಅಂತ ಗೊಣಗುವ ಮಾವಂದಿರನ್ನು ನೋಡಿದ್ದೇನೆ. ಆ ನಿಯಮ ಇರುವುದೇ ಅಂಥವರಿಗಾಗಿ.

ಗಾಡಿಯಿಂದ ಪೆಟ್ಟಾಗಿದ್ದರೆ ಲೆಕ್ಕವೇ ಬೇರೆ

ಟಿಪ್ಪರ್ ರಿವರ್ಸ್ ತೆಗೆಯುವಾಗ, ಮಿಕ್ಸರ್ ಲಾರಿ ಹಾಯುವಾಗ, ಜೆಸಿಬಿ ತಿರುಗುವಾಗ ಆದ ಪೆಟ್ಟಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಮೋಟಾರು ಕಾಯ್ದೆಯೋ ನೌಕರರ ಪರಿಹಾರವೋ, ಎರಡರಲ್ಲಿ ಒಂದೇ.

ವ್ಯತ್ಯಾಸ ನೋಡಿ. ಅದೇ 30 ವರ್ಷದವನು, ಅದೇ 15,000. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ನ್ಯಾಯಮಂಡಳಿಯಲ್ಲಿ ಮುಂದೆ ದುಡಿಮೆ ಏರುತ್ತಿತ್ತು ಅಂತ 40% ಸೇರಿಸುತ್ತಾರೆ, 21,000 ಆಯಿತು. ಹನ್ನೆರಡು ತಿಂಗಳು, ಆ ವಯಸ್ಸಿಗೆ 17ರ ಗುಣಕ, ಒಟ್ಟು 42,84,000. ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 32,13,000. ಜೊತೆಗೆ ಅಂತ್ಯಕ್ರಿಯೆ ಇತ್ಯಾದಿ ಸಣ್ಣ ಬಾಬತ್ತು. ನೌಕರರ ಪರಿಹಾರದ ಎರಡು ಪಟ್ಟು. ಕೂಲಿಗೆ ಇಲ್ಲಿ 15,000ದ ಮಿತಿಯೂ ಇಲ್ಲ. ದಿನಕ್ಕೆ 900 ಎಣಿಸುವ ಗಾರೆಯವನು ಅದನ್ನು ತೋರಿಸಬಲ್ಲನಾದರೆ ಮೊತ್ತ ಇನ್ನೂ ಏರುತ್ತದೆ.

ಹಾಗಾದರೆ ಎಲ್ಲರೂ ಇಲ್ಲಿಗೇ ಬರಬಹುದಲ್ಲ? ತೊಡಕುಗಳಿವೆ. ಚಾಲಕನ ತಪ್ಪು ಸಾಬೀತಾಗಬೇಕು. ಬೇಲಿ ಹಾಕಿದ ಸೈಟು 'ಸಾರ್ವಜನಿಕ ಸ್ಥಳ'ವೇ ಅಲ್ಲ ಅಂತ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಗಾಡಿಗೆ ವಿಮೆಯೇ ಇಲ್ಲದಿದ್ದರೆ, ಗೆದ್ದರೂ ವಸೂಲಿಗೆ ಅಲೆಯಬೇಕು. ನಿಮ್ಮ ತಪ್ಪೂ ಇದೆ ಅಂತಾದರೆ ಅಷ್ಟು ಪಾಲು ಕಡಿತ. 2022ರ ಏಪ್ರಿಲ್‌ನಿಂದ ಅರ್ಜಿಗೆ ಆರು ತಿಂಗಳ ಗಡುವೂ ಬಂದಿದೆ, ಹಾಗಾಗಿ ಯೋಚನೆ ಮಾಡುತ್ತಾ ಕೂರಬೇಡಿ. ಗಾಡಿಯ ಪಾಲಿಸಿ ಚಾಲ್ತಿಯಲ್ಲಿದ್ದು, ಎಫ್‌ಐಆರ್‌ನಲ್ಲಿ ಚಾಲಕನ ಹೆಸರಿದ್ದರೆ ನಾನು ಈ ದಾರಿಗೇ ಕಳಿಸುತ್ತೇನೆ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ನೌಕರರ ಪರಿಹಾರವೇ ವಾಸಿ.

ಸಿವಿಲ್ ದಾವೆ: ದೊಡ್ಡ ಮೊತ್ತ, ದೊಡ್ಡ ಬೆಟ್ಟ

ಇಲ್ಲಿ ಮಿತಿಯಿಲ್ಲದೆ ಕೇಳಬಹುದು. ನೋವಿಗೆ, ಮುಂದಿನ ಚಿಕಿತ್ಸೆಗೆ, ಕಳೆದ ಬದುಕಿಗೆ ಎಲ್ಲಕ್ಕೂ. ಆದರೆ ಯಾರ ತಪ್ಪು ಅಂತ ನೀವೇ ತೋರಿಸಬೇಕು. ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು. ಕಟ್ಟಲಾಗದವರು ನಿರ್ಗತಿಕರೆಂದು ಅರ್ಜಿ ಹಾಕಿ ದಾವೆ ನಡೆಸಬಹುದು, ಆ ವಿಚಾರಣೆಗೇ ಕಾಲ ಹಿಡಿಯುತ್ತದೆ. ಸೋತರೆ ಎದುರಿನವರ ಖರ್ಚೂ ನಿಮ್ಮ ತಲೆಗೆ ಬರಬಹುದು. ಸಾವಿನ ಪ್ರಕರಣದಲ್ಲಿ 1855ರ ಮಾರಕ ಅಪಘಾತ ಕಾಯ್ದೆಯ ದಾವೆಗೆ ಗಡುವು 2 ವರ್ಷ. ದಾವೆ ಹಾಕಿದರೆ ಅದೇ ಮಾಲೀಕನ ಮೇಲೆ ನೌಕರರ ಪರಿಹಾರ ಕೇಳುವಂತಿಲ್ಲ. ಅಲ್ಲಿ ಅರ್ಜಿ ಹಾಕಿದವರಿಗೆ ಇಲ್ಲಿ ದಾವೆ ಇಲ್ಲ.

ಪಾಲಿನ ಲೆಕ್ಕ ನಿಜವಾಗಿ ನಡೆಯುವುದು ಇಲ್ಲಿ. ಎರಡು ಪದ ಗೊತ್ತಿರಲಿ. ಬಿಲ್ಡರ್, ಗುತ್ತಿಗೆದಾರ, ಲಿಫ್ಟ್ ಕಂಪನಿ ಮೂವರೂ ಸೇರಿ ಅಜಾಗ್ರತೆ ಮಾಡಿದ್ದರೆ ಅದು ಕೂಡು ಅಜಾಗ್ರತೆ. ಪೂರ್ತಿ ಹಣವನ್ನು ಮೂವರಲ್ಲಿ ಯಾರೊಬ್ಬರಿಂದಲೂ ಪಡೆಯಬಹುದು. 2015ರಲ್ಲಿ ಮೋಟಾರು ಅಪಘಾತದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಕೊಟ್ಟವನು ಉಳಿದವರ ಪಾಲನ್ನು ಅವರಿಂದ ಕೇಳಿಕೊಳ್ಳಲಿ. ಪೆಟ್ಟು ತಿಂದವನದೇ ತಪ್ಪೂ ಸೇರಿದ್ದರೆ ಅದು ಸಹ ಅಜಾಗ್ರತೆ. ಕೋರ್ಟು ಅವನ ಪಾಲು 20% ಅಂದರೆ ಹತ್ತು ಲಕ್ಷದಲ್ಲಿ ಎಂಟೇ ಲಕ್ಷ ಕೈಗೆ. ಎದುರಿನ ವಕೀಲರು ಮೊದಲನೆಯದನ್ನು ಎರಡನೆಯದಾಗಿ ತೋರಿಸಲು ನೋಡುತ್ತಾರೆ. ಹೆಲ್ಮೆಟ್ ಮಾತು ಹುಟ್ಟುವುದೇ ಅದಕ್ಕೆ.

ಈ ದಾರಿ ಯಾರಿಗೆ? ಸಂಬಳ ಜಾಸ್ತಿ ಇರುವ ಸೈಟ್ ಎಂಜಿನಿಯರ್, ಸರ್ವೇಯರ್ ಥರದವರಿಗೆ. 15,000ದ ಮಿತಿಯಿಂದ ಅವರಿಗೆ ಆಗುವ ನಷ್ಟ ದೊಡ್ಡದು. ಎದುರಿನವರು ದೊಡ್ಡ ಕಂಪನಿ, ತಪ್ಪಿನ ದಾಖಲೆ ಗಟ್ಟಿ, ಐದಾರು ವರ್ಷ ಕಾಯುವ ಶಕ್ತಿ ಇದೆ ಅಂದರೆ ಯೋಚಿಸಬಹುದು. ದಿನಗೂಲಿ ಮನೆಗಳಿಗೆ ನಾನು ಹೇಳುವುದಿಲ್ಲ.

ಹೊರಗಿನ ರಾಜಿ: ಬೇಗ ಸಿಗುವ ಹಣ

ನನ್ನ ಕಣ್ಣೆದುರೇ ನಡೆದದ್ದು. ಕಂಬಿ ಕೆಲಸದ ಹುಡುಗನೊಬ್ಬ ಬಿದ್ದು ತೀರಿಕೊಂಡ. ಪೋಸ್ಟ್‌ಮಾರ್ಟಂ ಮುಗಿಯುವ ಮೊದಲೇ ಛಾಪಾ ಕಾಗದ ಬಂತು. ಹೆಂಡತಿಯ ಹೆಬ್ಬೆಟ್ಟು ಒತ್ತಿಸಿ ಮೂರು ಲಕ್ಷ ಕೊಟ್ಟರು. 'ಇನ್ನು ಯಾವ ಹಕ್ಕೂ ಇಲ್ಲ' ಅಂತ ಅದರಲ್ಲಿತ್ತು. ಹಣ ಎಣಿಸಿಕೊಟ್ಟವನು ನಾನೇ. ವರ್ಷದ ಮೇಲೆ ಅವರ ಊರಿನಿಂದ ನೋಟಿಸು ಬಂತು. ಸಾವಿನ ಪರಿಹಾರವನ್ನು ಆಯುಕ್ತರ ಬಳಿಯೇ ಠೇವಣಿ ಇಡಬೇಕು, ನೇರವಾಗಿ ಕೊಟ್ಟದ್ದು ಪರಿಹಾರದ ಲೆಕ್ಕಕ್ಕೇ ಬರುವುದಿಲ್ಲ ಅಂತ ನಮ್ಮ ಗುತ್ತಿಗೆದಾರರಿಗೆ ಆಗ ಗೊತ್ತಾಯಿತು. ಮುಂಗಡ ಅಂತ ಹಿಡಿಯುವುದು ಹೆಚ್ಚೆಂದರೆ ಮೂರು ತಿಂಗಳ ಕೂಲಿ. ಅವರು ಪೂರ್ತಿ ಮೊತ್ತ ಮತ್ತೆ ಕಟ್ಟಿದರು, ಬಡ್ಡಿ ಸಮೇತ.

ಬದುಕಿರುವವರ ರಾಜಿಗೂ ಇಂಥದೇ ಬಿಗಿ ಇದೆ. ರಾಜಿಪತ್ರವನ್ನು ಆಯುಕ್ತರಲ್ಲಿ ನೋಂದಾಯಿಸಬೇಕು. ನೋಂದಾಯಿಸದಿದ್ದರೆ ಮಾಲೀಕ ಪೂರ್ತಿ ಪರಿಹಾರಕ್ಕೆ ಹೊಣೆ. ಈಗಾಗಲೇ ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಳೆಯಲೂ ಸಾಮಾನ್ಯವಾಗಿ ಆಗದು. 'ಪರಿಹಾರ ಕೇಳುವುದಿಲ್ಲ' ಅಂತ ಮೊದಲೇ ಬರೆಸಿಕೊಂಡ ಕರಾರಿಗೆ ಬೆಲೆಯೇ ಇಲ್ಲ.

ಹಾಗಂತ ರಾಜಿಯೇ ಕೆಟ್ಟದ್ದು ಅನ್ನಲಾರೆ. ಸೂತ್ರದ ಲೆಕ್ಕ ಹಾಕಿ, ಅದರ ಹತ್ತಿರ ಬರುವ ಮೊತ್ತವನ್ನು ಆಯುಕ್ತರ ಮುಂದೆಯೋ ಲೋಕ ಅದಾಲತ್‌ನಲ್ಲೋ ಒಪ್ಪಿಕೊಂಡರೆ ವರ್ಷಗಟ್ಟಲೆ ಅಲೆದಾಟ ಉಳಿಯುತ್ತದೆ. ಲೋಕ ಅದಾಲತ್‌ನಲ್ಲಿ ಸಿವಿಲ್ ದಾವೆ ಮುಗಿದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್. ಅದಕ್ಕೆ ಮೇಲ್ಮನವಿ ಇಲ್ಲ, ಎರಡೂ ಕಡೆಗೆ. ಹಾಗಾಗಿ ಊನ ಎಷ್ಟು ಅಂತ ಡಾಕ್ಟರು ಹೇಳುವ ಮೊದಲು ರಾಜಿಗೆ ಕೂರಬೇಡಿ. ಮುರಿದ ಮೂಳೆ ಕೂಡಿತು ಅಂದುಕೊಂಡು ಸಹಿ ಹಾಕಿ, ಆರು ತಿಂಗಳ ಮೇಲೆ ಕುಂಟುವವರಿದ್ದಾರೆ.

ಲೇಬರ್ ಕಾರ್ಡು ಇದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸಹಾಯಧನಕ್ಕೂ ಅರ್ಜಿ ಹಾಕಿ. ಅದು ಕಟ್ಟಡಗಳ ಮೇಲೆ ಸಂಗ್ರಹಿಸುವ 1% ಸೆಸ್ಸಿನ ಹಣ, ಮಾಲೀಕ ಕೊಡುವ ಪರಿಹಾರ ಅಲ್ಲ. 'ಮಂಡಳಿಯಿಂದ ಬಂತಲ್ಲ, ಇನ್ನೇನು' ಅನ್ನುವ ಗುತ್ತಿಗೆದಾರರ ಮಾತಿಗೆ ಕಿವಿಗೊಡಬೇಡಿ.

ಕೇಸಿನ ಖರ್ಚು ಯಾರ ಪಾಲು

'ಗೆದ್ದರೆ ವಕೀಲರ ಫೀಸೂ ಅವರೇ ಕೊಡಬೇಕಲ್ವಾ?' ಕಾಗದದ ಮೇಲೆ ಹೌದು. ಸಿವಿಲ್ ಕೋರ್ಟಿನಲ್ಲಿ ಸೋತವನು ಖರ್ಚು ಕೊಡುವುದು ರೂಢಿ, ಆಯುಕ್ತರಿಗೂ ಖರ್ಚು ಕೊಡಿಸುವ ಅಧಿಕಾರವಿದೆ. ಆದರೆ ಕೊಡಿಸುವ ಮೊತ್ತ ನಿಜವಾದ ಖರ್ಚಿನ ಹತ್ತಿರಕ್ಕೂ ಬರುವುದು ಅಪರೂಪ. ಫೀಸು ನಿಮ್ಮದೇ ಅಂತ ಲೆಕ್ಕ ಹಾಕಿಕೊಂಡು ಹೊರಡಿ.

ಬಂದ ಹಣದಲ್ಲಿ ನೂರಕ್ಕೆ ಇಷ್ಟು ಅಂತ ಕೇಳುವ ವಕೀಲರು ಸಿಗುತ್ತಾರೆ. ಗೆಲುವಿನ ಮೇಲೆ ಫೀಸು ನಿಗದಿ ಮಾಡುವುದು, ಬಂದದ್ದರಲ್ಲಿ ಪಾಲು ಕೇಳುವುದು ಎರಡನ್ನೂ ವಕೀಲರ ಪರಿಷತ್ತಿನ ನಿಯಮ ತಡೆಯುತ್ತದೆ. ಇಷ್ಟು ಕೆಲಸಕ್ಕೆ ಇಷ್ಟು ಅಂತ ಮಾತಾಡಿಕೊಳ್ಳಿ, ರಸೀದಿ ಕೇಳಿ. ಆಸ್ಪತ್ರೆ ಮುಂದೆ ಕಾಯುವ ದಲ್ಲಾಳಿಗಳಿಗೆ ಪರಿಹಾರದ ಹಕ್ಕು ಬರೆದುಕೊಡಲು ಆಗುವುದೇ ಇಲ್ಲ. ನೌಕರರ ಪರಿಹಾರದ ಹಣವನ್ನು ಸಾಲಗಾರರು ಜಪ್ತಿ ಮಾಡುವಂತೆಯೂ ಇಲ್ಲ.

ಎಲ್ಲರೂ ಮರೆಯುವ ಖರ್ಚು ಡಾಕ್ಟರದು. ಊನದ ಸರ್ಟಿಫಿಕೇಟು ಕೊಟ್ಟವರು ಬಂದು ಸಾಕ್ಷಿ ಹೇಳದಿದ್ದರೆ ಆ ಕಾಗದದ ತೂಕ ಕಮ್ಮಿಯಾಗುತ್ತದೆ. ಅವರ ದಿನದ ಖರ್ಚಿಗೆ ದುಡ್ಡು ತೆಗೆದಿಡಿ.

ಕೈಯಲ್ಲಿ ಏನೂ ಇಲ್ಲದವರು ತಾಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಗಂಡನನ್ನು ಕಳೆದುಕೊಂಡವಳು ಫೀಸಿಗಾಗಿ ತಾಳಿ ಅಡವಿಡಬೇಕಿಲ್ಲ.

ನಾನು ಆರಿಸುವ ರೀತಿ

ಮೊದಲು ಇಎಸ್‌ಐ ಇದೆಯಾ ಅಂತ ನೋಡುತ್ತೇನೆ. ಇದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ, ಗಾಡಿಯ ಪೆಟ್ಟಾ ಅಂತ ಕೇಳುತ್ತೇನೆ. ಹೌದು, ಪಾಲಿಸಿಯೂ ಇದೆ ಅಂದರೆ ನ್ಯಾಯಮಂಡಳಿ. ಉಳಿದ ಬಹುಪಾಲು ಜನರಿಗೆ ನೌಕರರ ಪರಿಹಾರ. ತುರ್ತಾಗಿ ದುಡ್ಡು ಬೇಕಾದವರು ಆ ಅರ್ಜಿ ಹಾಕಿದ ಮೇಲೆ ರಾಜಿಗೆ ಕೂರಲಿ, ಮೊದಲೇ ಬೇಡ. ಅರ್ಜಿಯ ನಂಬರು ಬಿದ್ದ ಮೇಲೆ ನಾಲ್ಕು ಲಕ್ಷದ ಮಾತು ತಾನಾಗಿ ಮೇಲೇರುತ್ತದೆ.

ಯಾವ ದಾರಿಗೂ ಬೇಕಾದ್ದು ಒಂದೇ ಗಂಟು: ಆಸ್ಪತ್ರೆಯಲ್ಲಿ 'ಮನೆಯಲ್ಲಿ ಜಾರಿಬಿದ್ದ' ಅಂತ ಬರೆಸದೆ ಸೈಟಿನ ಹೆಸರು ಹೇಳಿ ಮಾಡಿಸಿದ ಎಂಎಲ್‌ಸಿ (ಪೊಲೀಸರಿಗೂ ಹೋಗುವ ಆಸ್ಪತ್ರೆಯ ಗಾಯದ ದಾಖಲೆ), ಠಾಣೆಯ ಎಫ್‌ಐಆರ್, ಹಾಜರಿ ಪುಸ್ತಕದ ಆ ವಾರದ ಹಾಳೆಯ ಫೋಟೋ, ಕೂಲಿ ಬಂದ ಫೋನ್‌ಪೇ ದಾಖಲೆ. ಹಾಜರಿ ಪುಸ್ತಕ ಮರುದಿನವೇ ಕಾಣೆಯಾಗುತ್ತದೆ. ಹೇಗೆ ಅಂತ ನನಗೆ ಗೊತ್ತು.

ಮನೆ ಕಟ್ಟಿಸುವವರು ಕೇಳುವುದು

ಸ್ವಂತಕ್ಕೆ ಮನೆ ಕಟ್ಟಿಸುವವರೂ ಹೆದರಿಕೊಂಡು ಬರುತ್ತಾರೆ. ಪೂರ್ತಿ ಗುತ್ತಿಗೆ ಕೊಟ್ಟಿದ್ದರೆ ನಿಮಗೆ ಸ್ವಲ್ಪ ರಕ್ಷಣೆ ಇದೆ. ಮೇಲೆ ಹೇಳಿದ ಪ್ರಧಾನ ಮಾಲೀಕನ ನಿಯಮ ತನ್ನ ವ್ಯಾಪಾರಕ್ಕಾಗಿ ಕಟ್ಟಿಸುವವನಿಗೆ. ವಾಸಕ್ಕೆ ಕಟ್ಟಿಸಿಕೊಳ್ಳುವವರು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಆದರೆ ದುಡ್ಡು ಉಳಿಸಲು ಸಾಮಾನು ನೀವೇ ತಂದು, ಆಳುಗಳಿಗೆ ದಿನಗೂಲಿ ನೀವೇ ಎಣಿಸುತ್ತಿದ್ದರೆ ಮಾಲೀಕ ನೀವೇ. ನಾಲ್ಕು ದಿನದ ಕೆಲಸ ಅಷ್ಟೇ ಅನ್ನುವ ವಾದ 2000ದ ತಿದ್ದುಪಡಿಯ ನಂತರ ನಿಲ್ಲುವುದಿಲ್ಲ. ಚದರಕ್ಕೆ ಐವತ್ತು ರೂಪಾಯಿ ಉಳಿಸಲು ಹೋಗಿ ಹದಿನೈದು ಲಕ್ಷದ ಹೊಣೆ ಹೊತ್ತುಕೊಳ್ಳುವ ವ್ಯವಹಾರ ಅದು.

'ವಿಮೆ ಮಾಡಿಸಿದೀನಿ ಸಾರ್' ಅಂತ ಗುತ್ತಿಗೆದಾರ ಅಂದರೆ ಪಾಲಿಸಿಯ ಪ್ರತಿ ಕೇಳಿ. ನಿಮ್ಮ ಸೈಟಿನ ವಿಳಾಸ ಇದೆಯಾ, ಆಳುಗಳ ಸಂಖ್ಯೆ ಮತ್ತು ಕೂಲಿಯನ್ನು ಸರಿಯಾಗಿ ಬರೆಸಿದ್ದಾನಾ, ಆಸ್ಪತ್ರೆ ಖರ್ಚು ಮತ್ತು ಬಡ್ಡಿ ಸೇರಿವೆಯಾ ಅಂತ ನೋಡಿ. ಕಂತು ಕಡಿಮೆ ಮಾಡಲು ಇಪ್ಪತ್ತು ಆಳಿರುವ ಕಡೆ ಐದು ಅಂತ ಬರೆಸುವುದು ಮಾಮೂಲು. ಪಾಲಿಸಿಯ ಕೊನೆಯ ದಿನಾಂಕವನ್ನು ಮೋಲ್ಡ್ ಹಾಕುವ ದಿನಾಂಕದ ಜೊತೆ ಹೋಲಿಸಿ. ಪಾಯ ಹಾಕುವಾಗ ಮಾಡಿಸಿದ ಪಾಲಿಸಿ, ಎರಡನೇ ಮಹಡಿಯ ಸೆಂಟ್ರಿಂಗ್ ಏಳುವ ಹೊತ್ತಿಗೆ ಮುಗಿದಿರುತ್ತದೆ.